ಶನಿವಾರ ಆದಿಲಕ್ಷ್ಮಮ್ಮ ಬಾಯಿ ಬಿಡುವಂತಿಲ್ಲ

ಬೆಳಗಿನ ಐದೂವರೆ. ಶಿಡ್ಲಘಟ್ಟ ತಾಲ್ಲೂಕಿನ ಆ ಪುಟ್ಟ ಊರಿನ ಹಾಲಿನ ಡೈರಿಯ ಮುಂದೆ ಕ್ಯಾನು, ಬಕೆಟ್ಟುಗಳ ಸಾಲು ಆಗಲೇ ರಸ್ತೆಯವರೆಗೆ ಬೆಳೆದಿದೆ. ಟ್ಯೂಬ್‌ಲೈಟಿನ ಕೆಳಗೆ ನಿಂತ ಆದಿಲಕ್ಷ್ಮಮ್ಮ ಒಬ್ಬೊಬ್ಬರ ಹಾಲಿನಿಂದಲೂ ಚೂರು ತೆಗೆದು ಫ್ಯಾಟ್ ನೋಡುವ ಯಂತ್ರಕ್ಕೆ ಕೊಡುತ್ತಾರೆ, ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾರೆ, ಹಾಲು ಸೋಸಿ ಕ್ಯಾನಿಗೆ ಸುರಿಯುತ್ತಾರೆ. "ಮೂರು ಎಂಟು. ಮುಂದೆ ಬನ್ರಪ್ಪ." ನೀರು ಬೆರೆಸಿ ತಂದವರು ಸಾಮಾನ್ಯವಾಗಿ ಅವರ ಮುಖ ನೋಡುವುದಿಲ್ಲ. ಈ ವಾರ ಮುಖ ತಪ್ಪಿಸುತ್ತಿರುವವರು ಆದಿಲಕ್ಷ್ಮಮ್ಮನೇ. ಎರಡು ಸಲ ಅಂಕಿ ತಪ್ಪು ಕೂಗಿದ್ದಾರೆ.

"ಹನ್ನೊಂದು ವರ್ಷದಲ್ಲಿ ಯಾವತ್ತೂ ಹಿಂಗಾಗಿರ್ಲಿಲ್ಲ. ತಲೆಯೆಲ್ಲ ಶನಿವಾರದ ಮೇಲೇ ಐತೆ" ಎನ್ನುತ್ತಾರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ.

ಶನಿವಾರ ಹನ್ನೊಂದು ಗಂಟೆಗೆ ನ್ಯಾಯಾಲಯ ನೇಮಿಸಿದ ಕಮಿಷನರ್, ಅಂದರೆ ಒಬ್ಬ ವಕೀಲರು, ಅವರ ಮನೆಗೆ ಬರುತ್ತಾರೆ. ಹಾಸಿಗೆ ಹಿಡಿದ ಗಂಡ ಗಂಗುಲಪ್ಪನವರ ಸಾಕ್ಷಿ ಬರೆದುಕೊಳ್ಳುತ್ತಾರೆ. ಮನೆ ಉಳಿಯುವುದು, ಬಿಡುವುದು ಆ ಸಾಕ್ಷಿಯ ಮೇಲೆ ನಿಂತಿದೆ. ತೊಡಕು ಇಷ್ಟೇ, ಗಂಗುಲಪ್ಪನವರಿಗೆ ಮಾತಿಲ್ಲ.

ಗಂಗುಲಪ್ಪ ಚಿಂತಾಮಣಿ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವರು. ಮೂವತ್ತು ವರ್ಷದ ಹಿಂದೆ ಒಂದು ಜೋಡಿ ಎತ್ತು ಕೊಟ್ಟು ಈಗಿನ ನಿವೇಶನ ಪಡೆದರು. ಸಾದಾ ಕಾಗದದಲ್ಲಿ ಎರಡು ಸಾಲು ಬರೆಸಿಕೊಂಡದ್ದು ಬಿಟ್ಟರೆ ರಿಜಿಸ್ಟ್ರಿ ಗಿಜಿಸ್ಟ್ರಿ ಏನೂ ಇಲ್ಲ. ಕೊಟ್ಟವರು ತೀರಿಹೋದರು, ಕಾಗದಕ್ಕೆ ಸಾಕ್ಷಿ ಹಾಕಿದವರೂ ತೀರಿಹೋದರು. ಆರು ವರ್ಷದ ಹಿಂದೆ ಲಕ್ವ ಹೊಡೆದು ಗಂಗುಲಪ್ಪನವರ ಬಲಗೈ, ಬಲಗಾಲು, ನಾಲಿಗೆ ಮೂರೂ ಒಟ್ಟಿಗೆ ಬಿದ್ದವು. ಮತ್ತೆ ಮೂರು ವರ್ಷಕ್ಕೆ ನಿವೇಶನ ಕೊಟ್ಟವರ ಮಗ ದಾವೆ ಹೂಡಿದ: ನಮ್ಮಪ್ಪ ಇರೋಕೆ ಬಿಟ್ಟಿದ್ದರು ಅಷ್ಟೇ, ಖಾಲಿ ಮಾಡಲಿ.

ಹಾಸಿಗೆಯಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ. ಗೋಡೆಯುದ್ದಕ್ಕೂ ಕಬ್ಬಿಣದ ಪೈಪು ಹಾಕಿಸಿದ್ದಾರೆ ಆದಿಲಕ್ಷ್ಮಮ್ಮ. ಎಡಗೈಯಲ್ಲಿ ಅದನ್ನು ಹಿಡಿದು, ಹೆಂಡತಿಯ ಹೆಗಲಿಗೆ ಒರಗಿ, ಗಂಗುಲಪ್ಪ ಬಚ್ಚಲಿಗೆ ಹೋಗಿಬರುತ್ತಾರೆ. "ಬಾಡಿಗೆ ಮನೇಲಿ ಯಾರಪ್ಪ ಗೋಡೆ ಕೊರೆಯೋಕೆ ಬಿಡ್ತಾರೆ?" ಎನ್ನುತ್ತಾರೆ ಆಕೆ.

ಮೂರು ವರ್ಷದಲ್ಲಿ ಮೂವತ್ತೊಂದು ವಾಯಿದೆ. ಬೆಳಿಗ್ಗೆ ನೂರ ಹನ್ನೆರಡು ಮನೆಯ ಹಾಲು ಅಳೆದು, ಗಂಡನಿಗೆ ಮೈ ಒರೆಸಿ, ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಬಸ್ಸು ಹಿಡಿಯಬೇಕು. ಸಂಜೆ ಐದಕ್ಕೆ ಮತ್ತೆ ಡೈರಿಯಲ್ಲಿರಬೇಕು. ಕೋರ್ಟಿಗೆ ಪ್ರತಿ ಸಲವೂ ಹೊಸ ವೈದ್ಯಕೀಯ ಪ್ರಮಾಣಪತ್ರ ಬೇಕು, ಹೋದ ತಿಂಗಳಿಂದ ಈ ತಿಂಗಳಿಗೆ ಕಾಲು ಎದ್ದು ನಡೆದುಬಿಟ್ಟಿದೆಯೇನೋ ಎನ್ನುವ ಹಾಗೆ. ಒಮ್ಮೆ ಕಕ್ಷಿದಾರನೇ ಬರಲಿ ಎಂದಾಗ ಆಟೋದಲ್ಲಿ ಮಲಗಿಸಿಕೊಂಡು ಹೋಗಿ, ನಾಲ್ಕು ಜನ ಹಿಡಿದು ಮೆಟ್ಟಿಲು ಹತ್ತಿಸಿದ್ದೂ ಆಗಿದೆ. ಅವತ್ತು ಮಧ್ಯಾಹ್ನದ ಮೇಲೆ ಮುಂದಿನ ದಿನಾಂಕ ಕೊಟ್ಟು ಕಳಿಸಿದರು.

ಕಮಿಷನರ್ ಮನೆಗೆ ಮೊದಲ ಸಲ ಬಂದದ್ದು ನಾಲ್ಕು ತಿಂಗಳ ಹಿಂದೆ. "ಇದು ನಿಮ್ಮ ಮನೆಯಾ?" ಎಂದರೆ ಗಂಗುಲಪ್ಪ ತಲೆ ಆಡಿಸಿದರು. ಎದುರು ಕಡೆಯ ವಕೀಲರು "ಇದು ನಿಮ್ಮ ಮನೆ ಅಲ್ಲ, ಹೌದಲ್ವಾ?" ಎಂದರೆ ಅದಕ್ಕೂ ಹಾಗೇ ಆಡಿಸಿದರು. ಲಕ್ವ ಹೊಡೆದ ಮೇಲೆ ಅವರ ಹೌದಿಗೂ ಅಲ್ಲಕ್ಕೂ ಒಂದೇ ತಲೆ. ಪಕ್ಕದಲ್ಲಿದ್ದ ಆದಿಲಕ್ಷ್ಮಮ್ಮ ತಡೆಯಲಾರದೆ "ಅದು ಇಲ್ಲ ಅನ್ನೋ ತಲೆ ಸಾರ್, ನಂಗೊತ್ತು" ಎಂದುಬಿಟ್ಟರು. ಆಕೆಯೂ ಪ್ರತಿವಾದಿ, ಆಕೆಯೇ ಕೇಳಿಸಿಕೊಂಡು ಆಕೆಯೇ ಹೇಳಿದರೆ ಅದೆಂಥ ಸಾಕ್ಷಿ ಎಂದು ಎದುರು ವಕೀಲರು ಎದ್ದು ನಿಂತರು. ಅವರು ಹೇಳಿದ್ದು ತಪ್ಪೇನಲ್ಲ, ಸಾಕ್ಷಿ ಅಲ್ಲಿಗೇ ನಿಂತಿತು.

ಆಮೇಲೊಂದು ದಿನ ಚಿಂತಾಮಣಿಯಿಂದ ವೆಂಕಟರಾಯಪ್ಪ ಬಂದರು. ಅವರೂ ದಲ್ಲಾಳಿ, ಸಂತೆಯಲ್ಲಿ ಗಂಗುಲಪ್ಪನ ಜೊತೆ ಕೈಕೈ ಮಿಲಾಯಿಸಿದವರು, ಹತ್ತು ವರ್ಷ ಮಾತು ಬಿಟ್ಟವರು. "ಏಮಯ್ಯಾ, ಬಾಗುನ್ನಾವಾ?" ಎಂದು ತೆಲುಗಿನಲ್ಲೇ ಕ್ಷೇಮ ವಿಚಾರಿಸಿ ಮಂಚದ ಮೇಲೆ ಕೂತು, ಹಳೇ ಅಭ್ಯಾಸಕ್ಕೆ ಟವೆಲನ್ನು ಇಬ್ಬರ ಕೈಮೇಲೂ ಹೊದಿಸಿದರು. ದನದ ವ್ಯಾಪಾರವೇ ಹಾಗೆ, ಬಟ್ಟೆಯ ಕೆಳಗೆ ಬೆರಳು ಹಿಡಿದರೆ ಲೆಕ್ಕ, ಅಂಗೈ ಒತ್ತಿದರೆ ಒಪ್ಪಿಗೆ, ಕೊಡವಿದರೆ ಇಲ್ಲ. "ಆ ಜಾಗಕ್ಕೆ ಕೊಟ್ಯಲ್ಲ, ಆ ಎತ್ತುಗಳಿಗೆ ಎಷ್ಟು ಹಲ್ಲಾಗಿತ್ತಯ್ಯಾ?" ಎಂದು ತಮಾಷೆಗೆ ಕೇಳಿದರು, ಎತ್ತಿನ ವಯಸ್ಸು ಎಣಿಸುವುದು ಹಲ್ಲಿನ ಲೆಕ್ಕದಲ್ಲಿ. ಮರುಕ್ಷಣ ಅವರ ಮುಖ ಬದಲಾಯಿತು.

"ನಾಲ್ಕು ಬೆರಳು ಹಿಡಿದ್ನಮ್ಮ! ನಾಲ್ಕು ಹಲ್ಲು! ಸರಿಯಾಗ್ ಹೇಳ್ತಾವ್ನೆ, ಅವು ನಾನೂ ನೋಡಿದ್ದ ಎತ್ತು!"

ಊರೆಲ್ಲ ಖುಷಿಪಟ್ಟಿತು. ಆದಿಲಕ್ಷ್ಮಮ್ಮ ಮಾತ್ರ ಒಳಗೆ ಹೋಗಿ ಅತ್ತರು. ಆರು ವರ್ಷ ಗಂಡ ಆ ಎಡಗೈಯಲ್ಲಿ ಅವರ ಬೆರಳು ಹಿಡಿದಾಗಲೆಲ್ಲ ಸೆಳೆತ ಬಂದಿದೆ ಎಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ್ದರು. "ಅವ್ರು ಮಾತಾಡ್ತಿದ್ರು, ನಾನು ನೀವಿ ನೀವಿ ಬಾಯಿ ಮುಚ್ಚಿಸ್ದೆ. ಆ ಲಾಯರ್ ಹೇಳಿದ್ದೇ ನಿಜ. ಅವ್ರದ್ದೆಲ್ಲ ನಂಗರ್ಥ ಆಗುತ್ತೆ ಅಂತ ನಾನೇ ಅಂದ್ಕೊಂಡಿದ್ದೆ."

ಗಂಗುಲಪ್ಪನವರ ಬೆರಳಿನ ಮಾತನ್ನು ವೆಂಕಟರಾಯಪ್ಪ ಕಮಿಷನರ್‌ಗೆ ಬಿಡಿಸಿ ಹೇಳಲಿ ಎಂದು ಅವರ ವಕೀಲೆ ತನುಜ ಅರ್ಜಿ ಹಾಕಿದರು. ವೆಂಕಟರಾಯಪ್ಪನಿಗೆ ಈ ಮನೆಯ ಹಂಗಿಲ್ಲ, ಜಗಳವೇ ಇತ್ತು ಎನ್ನುವುದೂ ಅನುಕೂಲವಾಯಿತು. ನ್ಯಾಯಾಧೀಶರು ಒಪ್ಪಿ ಷರತ್ತು ಹಾಕಿದರು: ಪ್ರಮಾಣ ಮಾಡಿಸಬೇಕು, ವಿಡಿಯೊ ಆಗಬೇಕು, ಕೈಗೆ ಟವೆಲ್ ಮುಚ್ಚುವಂತಿಲ್ಲ, ಹೆಂಡತಿ ಕೋಣೆಯಲ್ಲಿ ಇರುವಂತಿಲ್ಲ.

ವೆಂಕಟರಾಯಪ್ಪ ಟವೆಲ್ ಇಲ್ಲದೆ ಒಮ್ಮೆ ಕೈ ಹಿಡಿದು ನೋಡಿದರು. ಗಂಗುಲಪ್ಪ ಕೈ ಎಳೆದುಕೊಂಡುಬಿಟ್ಟರು. ನಲವತ್ತು ವರ್ಷ ಬಯಲಲ್ಲಿ ಬೆರಳು ತೋರಿಸದವರು, ಕ್ಯಾಮೆರಾ ಮುಂದೆ ತೋರಿಸುತ್ತಾರೆಯೇ? ಒಳಗಿನದು ಕಾಣುವ ಹಾಗೆ ಸೊಳ್ಳೆಪರದೆಯ ತುಂಡು ಹೊದಿಸೋಣ ಎಂದು ತನುಜ ಹೇಳಿದ್ದಾರೆ. ಕಮಿಷನರ್ ಒಪ್ಪಬೇಕು, ಎದುರು ಕಡೆಯವರು ಸುಮ್ಮನಿರಬೇಕು, ಗಂಗುಲಪ್ಪ ಹಿಡಿಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಮುಗಿಯಿತು.

ಅದಕ್ಕೇ ಈ ವಾರ ಆ ಮನೆಯಲ್ಲಿ ಮನೆಯ ಮಾತೇ ಇಲ್ಲ. ಗಂಡನೆದುರು ಬಾಯಿ ತಪ್ಪಿ ಏನಾದರೂ ಅಂದರೆ ಸಾಕ್ಷಿಗೆ ಹೇಳಿಕೊಟ್ಟಂತೆ ಆದೀತೆಂಬ ಹೆದರಿಕೆ. ಬದಲಿಗೆ ಆದಿಲಕ್ಷ್ಮಮ್ಮ ವೆಂಕಟರಾಯಪ್ಪನಿಗೆ ಪಾಠ ಹೇಳುತ್ತಿದ್ದಾರೆ: "ಹುಬ್ಬು ಗಂಟಿಕ್ಕಿದ್ರೆ ಬೆನ್ನು ನೋವು ಅಣ್ಣಾ, ತುಟಿ ಒರೆಸ್ಕೊಂಡ್ರೆ ನೀರು. ಬಚ್ಚಲಿಗೆ ಅಂದ್ರೆ ಪೈಪಿನ ಕಡೆ ನೋಡ್ತಾರೆ, ಆವಾಗ ಮಾತ್ರ ನನ್ನ ಕೂಗಿ. ಕೋರ್ಟ್‌ನವ್ರು ಏನಂದ್ರೂ ಪರವಾಗಿಲ್ಲ."

ಆ ಬೆರಳಿನ ಲೆಕ್ಕ ನೀವೂ ಕಲಿತಿರಾ ಎಂದರೆ ಗಾಬರಿಯಿಂದ ಸುತ್ತ ನೋಡುತ್ತಾರೆ.

"ಅಯ್ಯೋ, ಈಗ ಕಲಿಯಂಗಿಲ್ಲ. ಕಲಿತ್ರೆ ನಾನೇ ಹೇಳ್ಕೊಟ್ಟೆ ಅಂತಾರೆ. ಈಗ ಅವ್ರು ಬೆರಳು ಹಿಡ್ಕೊಂಡ್ರೆ ಬಿಡಿಸ್ಕೊಂಡು ಎದ್ ಬರ್ತೀನಿ. ಮನೆ ಉಳಿಯುತ್ತೋ ಹೋಗುತ್ತೋ ಆ ದೇವರೇ ಬಲ್ಲ. ಭಾನುವಾರ ಮಾತ್ರ ಇಲ್ಲೇ ಇದ್ದು ಕಲಿಸ್ಕೊಟ್ಟು ಹೋಗಿ ಅಂತ ವೆಂಕಟರಾಯಪ್ಪಣ್ಣನ್ನ ಕೇಳ್ಕೊಂಡಿದೀನಿ. ಆರು ವರ್ಷದಿಂದ ಅವ್ರು ಏನೇನ್ ಹೇಳ್ತಿದ್ರೋ, ಮೊದಲಿಂದ ಕೇಳ್ಬೇಕು."