ಒರೆಸಿದ ಗೀಟು

ತೊಂಬತ್ತರ ದಶಕದ ಕೊನೆಯಲ್ಲಿ ಗುಬ್ಬಿಯ ಒಂದು ಕೊಬ್ಬರಿ ಗೋಡೌನಿಗೆ ಶೀಟಿನ ಚಾವಣಿ ಹಾಕುತ್ತಿದ್ದೆವು. ನಾನು ವೆಲ್ಡರ್. ನನ್ನ ತಮ್ಮ ಪರ್ಲಿನ್ ಕೂರಿಸುವವನು. ಪರ್ಲಿನ್ ಎಂದರೆ ಶೀಟು ಹೊದಿಸುವ ಮೊದಲು ಚಾವಣಿ ಹೊರುವ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹಾಸುವ ಉದ್ದನೆಯ ಕಬ್ಬಿಣ. ನೆಲದಿಂದ ಇಪ್ಪತ್ತೈದು ಅಡಿ ಮೇಲೆ.

ಮೊದಲು ಅದರ ಎರಡು ತುದಿಗೂ ಒಂದೊಂದು ಚುಕ್ಕೆ ವೆಲ್ಡಿಂಗ್ ಇಟ್ಟು ನಿಲ್ಲಿಸುತ್ತಿದ್ದೆವು. ಚುಕ್ಕೆ ಆಳಿನ ಭಾರ ತಡೆಯುವುದಿಲ್ಲ. ಪೂರ್ತಿ ವೆಲ್ಡಿಂಗ್ ಆದ ಮೇಲೆ ನಾನು ಸೀಮೆಸುಣ್ಣದಲ್ಲಿ ದಪ್ಪಗೆ ಗೀಟು ಎಳೆಯಬೇಕು. ಗೀಟು ಇದ್ದರೆ ಕಾಲಿಡಬಹುದು, ಸೊಂಟದ ಬೆಲ್ಟಿನ ಕೊಕ್ಕೆ ಹಾಕಬಹುದು. ನಮ್ಮ ಗ್ಯಾಂಗಿನಲ್ಲಿ ಸೇಫ್ಟಿ ಅಂದರೆ ಅಷ್ಟೇ. ತಮ್ಮ ಮಾತ್ರ ಗೀಟು ಕಂಡರೂ ಸುತ್ತಿಗೆಯಿಂದ ಎರಡೇಟು ತಟ್ಟಿ, ಸದ್ದು ಕೇಳಿ, ಆಮೇಲೆ ಕಾಲಿಡುತ್ತಿದ್ದ. ನನ್ನ ಕೆಲಸವನ್ನು ಇವನು ಪರೀಕ್ಷೆ ಮಾಡುವುದೇ ಎಂದು ನನಗೆ ಉರಿಯುತ್ತಿತ್ತು.

ಅವತ್ತು ಬೆಳಿಗ್ಗೆಯೇ ಕರೆಂಟು ಹೋಯಿತು. ಗೋಡೌನಿನ ಯಜಮಾನರು ಕೆಳಗಿನಿಂದ ಗೀಟು ನೋಡಿ, "ಏನ್ರಪ್ಪ, ಇನ್ನೂ ಮೂರೇನಾ?" ಎಂದರು. ಅವರು ಅತ್ತ ತಿರುಗಿದ ಕೂಡಲೇ ಇನ್ನೂ ನಾಲ್ಕಕ್ಕೆ ಸುಮ್ಮನೆ ಗೀಟು ಎಳೆದೆ. ಕರೆಂಟು ಬಂದ ಮೇಲೆ ವೆಲ್ಡಿಂಗ್ ಮುಗಿಸಿದರಾಯಿತು ಅಂದುಕೊಂಡೆ.

ಟೀ ಕುಡಿದು ತಮ್ಮ ಮೇಲೆ ಹತ್ತಿದ. ಆ ನಾಲ್ಕರಲ್ಲಿ ಒಂದರ ಮುಂದೆ ನಿಂತು ಸುತ್ತಿಗೆ ತೆಗೆದ. ಅದು ಬರೀ ಗೀಟಿನದು ಎಂದು ನನಗೆ ಹೊಳೆಯಲಿಲ್ಲ ಎಂದೇ ಎಲ್ಲರಿಗೂ ಹೇಳಿಕೊಳ್ಳಬಹುದಿತ್ತು. ಹೊಳೆದಿತ್ತು. ಯಜಮಾನರು ಇನ್ನೂ ಕೆಳಗೇ ಇದ್ದರು.

"ಏನ್ಲಾ, ಸಂತೇಲಿ ಕಾಯಿ ತಟ್ಟಿದಂಗೆ ತಟ್ತೀಯ? ಗೀಟು ಕಾಣಲ್ವಾ?" ಎಂದು ಕೂಗಿದೆ.

"ಬಲ್ತೈತಾ ನೋಡ್ತಾವ್ನೆ ಬುಡಣ್ಣ!" ಎಂದು ಕೆಳಗಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು.

"ಆಯ್ತು ಕಣಣ್ಣ, ನೀನ್ ಹಾಕಿದ್ ಗೀಟು ತಾನೇ," ಎಂದು ತಮ್ಮ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕೊಕ್ಕೆ ಹಾಕಿದ. ಕಾಲಿಟ್ಟ.

ಎರಡು ಚುಕ್ಕೆಯೂ ಕಿತ್ತುಹೋದವು. ಕಾಪಾಡಬೇಕಾದ ಬೆಲ್ಟೇ ಅವನನ್ನು ಕಬ್ಬಿಣದ ಜೊತೆ ಕೆಳಕ್ಕೆ ಎಳೆದುಕೊಂಡು ಹೋಯಿತು.

ನಾನು ಇಳಿದು ಓಡಿ ಹೋಗಿ ಮೊದಲು ಮುಟ್ಟಿದ್ದು ಅವನನ್ನಲ್ಲ, ಪರ್ಲಿನ್ನನ್ನು. ಅಂಗೈಯಿಂದ ಗೀಟು ಒರೆಸಿದೆ. ತಲೆಯೆತ್ತಿದರೆ ತಮ್ಮನ ಕಣ್ಣು ತೆರೆದೇ ಇತ್ತು. ನೋಡುತ್ತಿದ್ದ.

ತುಮಕೂರಿನ ಆಸ್ಪತ್ರೆಯಲ್ಲಿ, "ಗೀಟಿಲ್ಲದ್ರ ಮೇಲೆ ಕಾಲಿಟ್ಬುಟ್ಟ," ಎಂದು ಹೇಳಿದೆ. ಬೆನ್ನುಮೂಳೆ ಮುರಿದಿತ್ತು, ಅವನು ಮತ್ತೆ ನಡೆಯಲಿಲ್ಲ. ಕುಣಿಗಲ್ಲಿನ ಮನೆಯಲ್ಲಿ ಅವ್ವ ಸಾಯುವವರೆಗೆ ಅವನ ಬಟ್ಟೆ ಬದಲಿಸುತ್ತ, "ಅಣ್ಣ ಹೇಳ್ದಂಗೆ ಕೇಳಿದ್ರೆ ಹಿಂಗ್ ಬಿದ್ಕಂಡಿರ್ತಿದ್ದೇನ್ಲಾ?" ಎಂದು ಬಯ್ಯುತ್ತಿದ್ದಳು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಅವನೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಅವನು ಮಲಗುವ ಕಬ್ಬಿಣದ ಮಂಚ ನಾನೇ ವೆಲ್ಡ್ ಮಾಡಿ ಕೊಟ್ಟದ್ದು. ಈಗ ತುಮಕೂರಿನಿಂದ ನಾನು ಹೋದಾಗಲೆಲ್ಲ ಬೆರಳ ಗಿಣ್ಣಿನಿಂದ ಅದರ ಕಂಬಿಯನ್ನು ಎರಡು ಸಲ ತಟ್ಟಿ, "ಕೂತ್ಕೊ ಅಣ್ಣ, ಗಟ್ಟಿ ಐತೆ," ಅನ್ನುತ್ತಾನೆ.

ನಾನು ನಿಂತೇ ಮಾತಾಡಿಸಿ ತುಮಕೂರು ಬಸ್ಸು ಹಿಡಿಯುತ್ತೇನೆ.