ರಾಚಯ್ಯನ ಕೊರಳಿನ ಒಡಪುಗಳು

"ಅವ್ವಾ, ಅಯ್ಯಾರ ಕಾಕಾ ಎರಡೆರಡ ಲಿಂಗಾ ಯಾಕ ಕಟ್ಟಕೊಂಡಾನ?"

ಗೌತಮ ಇದನ್ನು ಕೇಳಿದ್ದು ಅಜ್ಜಿಯ ಮುಂದೆ, ರಾಚಯ್ಯನ ಎದುರಿಗೇ. ವಿದ್ಯಾ ಮಗನ ಬೆನ್ನಿಗೆ ಮೆಲ್ಲಗೆ ತಿವಿದಳು. ರಾಚಯ್ಯನಿಗೆ ಮಾತ್ರ ಏನೂ ಕೇಳಿಸಿದಂತಿರಲಿಲ್ಲ. ಇಳಕಲ್ಲಿನ ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದವನು ನಿಂತಲ್ಲೇ ನೀರು ಕುಡಿದು ತಂಬಿಗೆಯನ್ನು ಕಿಟಕಿಯಲ್ಲಿಟ್ಟಿದ್ದ. ಮರುಗಳಿಗೆಗೆ ಅದೇ ಖಾಲಿ ತಂಬಿಗೆಯನ್ನು ಎತ್ತಿ ಮತ್ತೆ ತುಟಿಗಿಟ್ಟುಕೊಂಡ.

ಮಗು ಕಂಡದ್ದೇನೂ ಸುಳ್ಳಲ್ಲ. ರಾಚಯ್ಯನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದರ ಪಕ್ಕದಲ್ಲಿ ಕರಿದಾರಕ್ಕೆ ಕಟ್ಟಿದ, ಹಳೇ ಸೀರೆಯ ಸೆರಗಿನಿಂದ ಹೊಲಿದ ಒಂದು ಪುಟ್ಟ ಚೀಲ. ಅದರೊಳಗಿದ್ದದ್ದು ಪೆನ್ ಡ್ರೈವ್.

ಒಂದು ಕಾಲಕ್ಕೆ ಅವನಿಗೆ ಹುನಗುಂದದಲ್ಲಿ ಅಂಗಡಿಯಿತ್ತು. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು ಬರೆದು ಅಚ್ಚಿಗೆ ಸಿದ್ಧಮಾಡಿ ಕೊಡುತ್ತಿದ್ದ. ರಸ್ತೆ ಅಗಲವಾದಾಗ ಅಂಗಡಿ ಹೋಯಿತು. ಇನ್ನೊಂದನ್ನು ಅವನು ಹಿಡಿಯಲಿಲ್ಲ. ಕಂಪ್ಯೂಟರ್ ಕ್ಲಾಸಿನ ಅಮರೇಶನಿಂದ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಇಡಿಯಾಗಿ ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡ. ಆಮೇಲೆ ಬಾಗಲಕೋಟೆಯ ಪ್ರೆಸ್ಸಾಗಲಿ, ಬಾದಾಮಿಯ ಝೆರಾಕ್ಸ್ ಅಂಗಡಿಯಾಗಲಿ, ಆ ಡ್ರೈವ್ ಚುಚ್ಚಿ ಚಾಲೂ ಮಾಡಿದರೆ ಅಲ್ಲಿಯ ಕಂಪ್ಯೂಟರೇ ರಾಚಯ್ಯನ ಅಂಗಡಿ. ಕೆಲಸ ಮುಗಿದರೆ ಕಿತ್ತು ಕೊರಳಿಗೆ ಹಾಕಿಕೊಂಡು ಮುಂದಿನ ಊರು. ಕೂತು ಚಹಾ ಕುಡಿದದ್ದನ್ನು ಯಾರೂ ನೋಡಿರಲಿಲ್ಲ. ಚಪ್ಪಲಿಯನ್ನೂ ಬಾಗಿಲ ಹೊರಗೆ ರಸ್ತೆಗೆ ಮುಖ ಮಾಡಿಯೇ ಬಿಡುವವನು.

ಆ ಡ್ರೈವಿನಲ್ಲಿ ಪತ್ರಿಕೆಗಳ ಜೊತೆಗೆ ಒಡಪುಗಳೂ ಇದ್ದವು. ಮದುವೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸದಲ್ಲಿ ಪೋಣಿಸಿ ಹೇಳುತ್ತಾರೆ. ಈಗಿನ ಮದುಮಗಳಿಗೆ ಅದು ಬಾರದು. ಸುತ್ತ ನಿಂತವರು ಬಿಡುವುದೂ ಇಲ್ಲ. ಅದಕ್ಕೇ ರಾಚಯ್ಯ ಪತ್ರಿಕೆ ಬರೆಸಿದವರಿಗೆಲ್ಲ ಒಡಪಿನ ಒಂದು ಹಾಳೆಯನ್ನು ಸೇರಿಸಿ ಕೊಡುತ್ತಿದ್ದ. ಊರೂರು ತಿರುಗಿ, ಮುದುಕಿಯರ ಬೈಗುಳ ತಿಂದು, ಒಂದೊಂದಾಗಿ ಕೂಡಿಹಾಕಿದ್ದು. ವಿದ್ಯಾಳದೂ ಅದರಲ್ಲೊಂದಿತ್ತು. "ಬಾದಾಮಿ ಬಸ್ಸಿನ ಬಾಗಿಲಾ ಹಾಕಾಕ ಬರೂದಿಲ್ಲ, ಮಹಾಂತೇಶರ ಬಾಯಿ ಮುಚ್ಚಸಾಕ ಯಾರಿಂದೂ ಆಗೂದಿಲ್ಲ." ಅವಳು ಇದನ್ನು ಹೇಳಿದ ದಿನ ಗಂಡನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

"ತಂಗೀ, ಇದು ಬರಿಯಾಕ ಒಲ್ಲೆ ಅಂತೈತಿ," ಎಂದು ರಾಚಯ್ಯ ಚೀಲ ಬಿಚ್ಚಿದ. "ನಿನ್ನೆ ಬಾಗಲಕೋಟ್ಯಾಗ ಬರಕೋತ ಕುಂತಿದ್ದೆ. ಹೊರಗ ಬಸ್ಸು ಹಾರ್ನ್ ಹೊಡೀತು. ಕಿತಗೊಂಡು ಓಡಿದೆ."

"ಬಂದ್ ಮಾಡದನ?"

"ಬಸ್ಸು ನಿಂದರತೈತೇನವಾ?"

"ಇನ್ನೊಂದು ಬಸ್ ಇರಲಿಲ್ಲೇನ್ರಿ ಅಯ್ಯಾರ?" ಅಂದಳು ಅತ್ತೆ ಬಸಲಿಂಗವ್ವ, ಶೇಂಗಾ ಸುಲಿಯುತ್ತ. "ಕುಂದರ್ರಿ ಮೊದಲ. ನಮ್ಮ ಮನಿ ನೆಲಕ್ಕೇನು ಮುಳ್ಳ ಹಾಸೀವೇನು?"

ರಾಚಯ್ಯ ಕೂರಲಿಲ್ಲ. ಒಡಪುಗಳ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ವಿದ್ಯಾ ಕೇಳಿದಳು. ಇಲ್ಲವೆಂದು ಅವನು ತಲೆ ಅಲ್ಲಾಡಿಸಿದ.

ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಅವಳು ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಅದಕ್ಕೂ ಲಿನಕ್ಸ್ ಹಾಕಿಕೊಟ್ಟವನು ರಾಚಯ್ಯನೇ. ದಾರಿಯಲ್ಲಿ ಅವನು ಹೊಸ ಡ್ರೈವ್ ಕೊಂಡು ತಂದಿದ್ದ. ಅದನ್ನು ಫಾರ್ಮ್ಯಾಟ್ ಮಾಡಿ, ಹಳೆಯದರಲ್ಲಿ ಉಳಿದಷ್ಟನ್ನು ತುಂಬಿಕೊಳ್ಳಬೇಕು. ಅವನು ಎರಡನ್ನೂ ಒಟ್ಟಿಗೇ ಚುಚ್ಚಿದ, ಬಗ್ಗಿ ನಿಂತುಕೊಂಡೇ ಕೀಲಿಮಣೆ ಕುಟ್ಟತೊಡಗಿದ. ಪರದೆಯ ಮೇಲೆ ಒಂದರ ಹೆಸರು ಎಸ್‌ಡಿಬಿ, ಇನ್ನೊಂದರದು ಎಸ್‌ಡಿಸಿ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು.

"ತಡೀರಿ!" ವಿದ್ಯಾ ಅವನ ಮಣಿಕಟ್ಟು ಹಿಡಿದಳು. "ಹೊಸಾದು ಯಾವುದದು?"

"ಎಸ್‌ಡಿಬಿ. ಅಲ್ಲಲ್ಲ... ಮೊದಲ ಯಾವುದು ಚುಚ್ಚಿದೆ ನಾ?"

ಫಾರ್ಮ್ಯಾಟಿನ ಆಜ್ಞೆ ಆಗಲೇ ಪೂರ್ತಿ ಬರೆದಾಗಿತ್ತು. ಎಂಟರ್ ಒತ್ತುವುದೊಂದೇ ಬಾಕಿ. ಹೆಸರು ತಪ್ಪಿದ್ದರೆ ಅಷ್ಟೂ ಒಡಪು ಅಳಿಸಿ ನೆಲ ಸಾರಿಸಿದಂತಾಗುತ್ತಿತ್ತು. ರಾಚಯ್ಯ ಕೈ ಹಿಂದಕ್ಕೆ ಎಳೆದುಕೊಂಡ. ಬೆವರು ಮೂಗಿನ ತುದಿಗೆ ಬಂದಿತ್ತು.

ವಿದ್ಯಾ ಆ ಸಾಲನ್ನು ಅಳಿಸಿದಳು, ಎರಡೂ ಡ್ರೈವ್‌ಗಳನ್ನು ತೆಗೆಸಿದಳು. ಹಳೆಯದನ್ನು ಚೀಲಕ್ಕೆ ಹಾಕಿ ಅವನ ಕೈಗೇ ಕೊಟ್ಟಳು. "ಇದು ನಿಮ್ಮ ಕೊರಳಾಗ ಇರ್ಲಿ. ಮಷಿನ್ನಿನ್ಯಾಗ ಇಲ್ಲದ್ದು ಅಳಸಾಕ ಬರೂದಿಲ್ಲಲ್ಲ?" ಹೊಸದೊಂದನ್ನೇ ಚುಚ್ಚಿ, ಹೆಸರನ್ನು ಬಾಯಿಬಿಟ್ಟು ಓದಿ, ಫಾರ್ಮ್ಯಾಟ್ ಮಾಡಿದಳು. ಚುಚ್ಚಿದ ಮಾತ್ರಕ್ಕೆ ಡ್ರೈವ್ ತೆರೆದುಕೊಳ್ಳುವುದಿಲ್ಲ, ಯಾವ ಫೋಲ್ಡರಿನಲ್ಲಿ ತೆರೆಯಬೇಕೆಂದು ಹೇಳಬೇಕು. ಅದಕ್ಕೆ ಮೌಂಟ್ ಮಾಡುವುದು ಅನ್ನುತ್ತಾರೆ. ಹೊಸದನ್ನು ಮೌಂಟ್ ಮಾಡಿದ ಮೇಲೇ ಹಳೆಯದನ್ನು ಕೊರಳಿನಿಂದ ಇಸಿದುಕೊಂಡಳು. ಅದನ್ನು ಓದುವುದಕ್ಕಷ್ಟೇ ಮೌಂಟ್ ಮಾಡಿದಳು, ಮೊದಲೇ ನೊಂದದ್ದಕ್ಕೆ ಇನ್ನೊಂದು ಪೆಟ್ಟು ಬೀಳದಿರಲಿ ಎಂದು.

ಕಾಪಿ ಶುರುವಾಯಿತು. ಹಳೆಯ ಡ್ರೈವ್ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅದು ನಿಂತಾಗಲೆಲ್ಲ ರಾಚಯ್ಯ ಅಂಗಳಕ್ಕೆ ಹೋಗಿ ಬರುತ್ತಿದ್ದ. ಗೌತಮನೂ ಕೈ ಬೆನ್ನಿಗೆ ಕಟ್ಟಿಕೊಂಡು ಅವನ ಹಿಂದೆಯೇ ಹೋಗಿ ಬರುತ್ತಿದ್ದ.

"ಕರೆಂಟ್ ಹೋದ್ರ?"

"ಹೋದಾಗ ನೋಡೂಣ್ರಿ."

"ಹೋಗಿಬಿಟ್ರ ಮುಗೀತಲ್ಲವಾ!"

"ಗಂಡಸಾಗಿ ಹೆಂಗಸರ ಒಡಪಾ ಕೊರಳಿಗೆ ಕಟಗೊಂಡು ತಿರುಗೂದು, ಮ್ಯಾಲೆ ಇಷ್ಟು ಅವಸರಾ," ಎಂದಳು ಬಸಲಿಂಗವ್ವ. "ನಿಮ್ಮ ಮನಿಯಾಕಿ ನಿಮ್ಮ ಹೆಸರಿಗೆ ಏನ ಒಡಪಾ ಹೇಳ್ತಾಳ್ರಿ ಅಯ್ಯಾರ?"

ರಾಚಯ್ಯ ಅಂದು ಮೊದಲ ಸಲ ನಕ್ಕ. "ಗಿರಣಿ ಪಟ್ಟಾ ಗಿರಾಗಿರಾ, ರಾಚಯ್ಯಾರ ಮುಖಾ ಕಂಡಿದ್ದು ಜರಾಜರಾ."

ಬಸಲಿಂಗವ್ವ ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವನ ನಗು ಅಷ್ಟು ಹೊತ್ತು ನಿಲ್ಲಲಿಲ್ಲ.

ಒಡಪುಗಳು ಊರಿಗೊಂದು ಫೈಲಿನಲ್ಲಿದ್ದವು. ಬಾದಾಮಿಯವು ಬಂದವು. ಹುನಗುಂದದವು, ಬಾಗಲಕೋಟೆಯವೂ ಬಂದವು. ಐಹೊಳೆಯ ಮುದುಕಿಯರವೂ ಬಂದವು. ಕೊನೆಗೆ ಕಾಪಿ ಮುಗಿಯಿತೆಂದು ಪರದೆ ಹೇಳಿತು. ರಾಚಯ್ಯನ ಕೈ ತಟ್ಟನೆ ಹೊಸ ಡ್ರೈವಿನ ಮೇಲೆ. ಅದರ ದೀಪ ಇನ್ನೂ ಮಿನುಗುತ್ತಲೇ ಇತ್ತು.

"ಅಯ್ಯಾರ, ಅದು ಇನ್ನೂ ಬರಕೊಳ್ಳಾಕತ್ತೈತ್ರಿ! ಅನ್‌ಮೌಂಟ್ ಆಗ್ಲಿ."

ಮಕ್ಕಳ ಕೈಗೆ ಬಿಸಿ ಪಾತ್ರೆ ಸಿಗದಂತೆ ಅಡ್ಡ ನಿಲ್ಲುತ್ತಾರಲ್ಲ, ಹಾಗೆ ಅವಳು ಡ್ರೈವಿನ ಮೇಲೆ ಅಂಗೈ ಅಡ್ಡ ಇಟ್ಟಳು. ರಾಚಯ್ಯ ಒಂದು ಕಾಲಿನಿಂದ ಇನ್ನೊಂದಕ್ಕೆ ತೂಗುತ್ತ ನಿಂತ. ಅನ್‌ಮೌಂಟ್ ಆಯಿತು. ದೀಪ ಆರಿತು. ತೆಗೆದು, ಇನ್ನೊಮ್ಮೆ ಚುಚ್ಚಿ, ಒಂದೊಂದು ಫೈಲನ್ನೂ ತೆರೆದು ನೋಡಿದರು.

ಇಳಕಲ್ಲಿನ ಫೈಲು ತೆರೆದುಕೊಂಡಿತು. ಒಳಗೆ ಒಂದಕ್ಷರವೂ ಇರಲಿಲ್ಲ. ನಿನ್ನೆ ಬಸ್ಸಿನ ಹಾರ್ನಿಗೆ ಓಡುವಾಗ ಅವನು ಬರೆಯುತ್ತಿದ್ದದ್ದು ಅದನ್ನೇ. ಹಳೆಯ ಡ್ರೈವಿನಲ್ಲೂ ನೋಡಿದರು, ಅಲ್ಲಿಯೂ ಅದು ಬರಿದೇ.

ವಿದ್ಯಾ ರಾಚಯ್ಯನಿಗೆ ಚಹಾ ತಂದು ಕೊಟ್ಟಳು. ಅವನು ಹೊಸ ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲಿನವರೆಗೆ ಹೋದ, ಚಪ್ಪಲಿ ಮೆಟ್ಟಿದ, ಬಿಟ್ಟ, ಮತ್ತೆ ಒಳಗೆ ಬಂದ.

"ತಂಗೀ, ಇಳಕಲ್ಲಿನ ಓಣಿ ಓಣಿ ನಾ ಮತ್ತ ತಿರುಗತೇನಿ. ತಿರುಗೂದಕ್ಕ ನನಗೇನು ಬ್ಯಾಸರ ಇಲ್ಲ. ಆದ್ರ ಹೆಣ್ಣಮಕ್ಕಳು ನನ್ನ ಮುಂದ ಅರ್ಧಾ ಹೇಳ್ತಾರ, ಅರ್ಧಾ ಸೆರಗಿನ್ಯಾಗ ನಗತಾರ. ಚಲೋ ಒಡಪಾ ಎಲ್ಲಾ ಆ ಸೆರಗಿನ್ಯಾಗನ ಉಳೀತಾವ." ಚಹಾ ಆರುತ್ತಿತ್ತು, ಅವನು ಬಟ್ಟಲನ್ನು ಕೈಯಿಂದ ಕೈಗೆ ಬದಲಿಸಿದ. "ನೀ ಒಮ್ಮೆ ನನ್ನ ಜೋಡಿ ಬರ್ತೀಯೇನವಾ? ನಾ ಹೊರಗ ಕಟ್ಟಿ ಮ್ಯಾಲೆ ಕುಂದರತೇನಿ. ನೀ ಒಳಗ ಹೋಗಿ ಕೇಳಕೊಂಡು ಬಾ."