ಲಾಲಸಾಬ ಕಾಕಾ ಗೋಡೆ ಒಡೆದದ್ದು

ಲಾಲಸಾಬ ಕಾಕಾ ಥಿನ್ನರ್ ಡಬ್ಬಿಯ ಮುಚ್ಚಳವನ್ನು ಬಯಲಲ್ಲೇ ತೆಗೆಯುತ್ತಿದ್ದರು. ಗಾಳಿಗೆ ಬೆನ್ನು ಕೊಟ್ಟು, ಕುತ್ತಿಗೆ ವಾರೆ ಮಾಡಿ, ಹಾವಿನ ಬುಟ್ಟಿ ಬಿಚ್ಚುವವರಂತೆ. ಸಿಂದಗಿಯಲ್ಲಿ ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಬೀಡಿ ಹಚ್ಚಿದವರು ಯಾರಾದರೂ ಶೆಡ್ಡಿನ ಹತ್ತಿರ ಬಂದರೆ ಗದರುತ್ತಿದ್ದರು: “ನೀರಿನಂಗ ಕಾಣತೈತಿ ಅಂತ ತಿಳೀಬ್ಯಾಡ. ಇದರ ವಾಸನಿ ನೆಲಾ ಹಿಡಕೊಂಡು ಹೋಗಿ ಬೆಂಕಿ ಹುಡುಕತೈತಿ!”

ಪಕ್ಕದ ಖೋಲಿಯಲ್ಲಿ ನಾನು ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿದ್ದೆ. ಮಸಿ ತೆಳುವಾಗಿಸಲು, ಅಚ್ಚೊತ್ತುವ ಪರದೆ ತೊಳೆಯಲು ನನಗೂ ಥಿನ್ನರ್ ಬೇಕು. ಧೂಳು ಬೀಳಬಾರದೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚಿಬಿಡುತ್ತಿದ್ದೆ. ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು. ಪಿತ್ತವೆಂದು ಲಿಂಬೆ ಶರಬತ್ತು ಕುಡಿದು ಮತ್ತೆ ಕೂರುತ್ತಿದ್ದೆ.

ಒಂದು ದಿನ ಹೊರ್ತಿ ಊರಿನವರೊಬ್ಬರ ಲಗ್ನಪತ್ರಿಕೆ ಮುಗಿಸುವ ಅವಸರ. ಅಕ್ಷರಗಳು ಎರಡೆರಡಾಗಿ ಕಂಡವು. ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಹೊರಗೆ ಬೇವಿನ ಮರದ ಕೆಳಗಿದ್ದೆ. ಕಾಕಾ ರಟ್ಟಿನಿಂದ ಗಾಳಿ ಬೀಸುತ್ತಿದ್ದರು.

“ನಿನ್ನ ಹೆಸರೇನು ಹೇಳವ್ವಾ?”

ಹೇಳಿದೆ.

“ಅಪ್ಪಂದು?”

ಅದನ್ನೂ ಹೇಳಿದೆ. ನನಗೆ ಪೂರ್ತಿ ಎಚ್ಚರ ಬಂದಿದೆಯೆಂದು ಖಾತ್ರಿಯಾಗಿ ಅವರ ಕಣ್ಣಲ್ಲಿ ನೀರು ತುಂಬಿತು.

“ಪಿತ್ತಲ್ಲವ್ವಾ ಇದು. ಕಿಡಕಿ ಹಾಕ್ಕೊಂಡು ವಿಷಾ ಉಸಿರಾಡಾಕತ್ತೀದಿ.”

ಮನೆಯವರು ಈ ಕೆಲಸವೇ ಬೇಡವೆಂದರು. ಸಾಮಾನು ಕಟ್ಟಲೆಂದು ಮರುದಿನ ಬೆಳಿಗ್ಗೆ ಹೋದರೆ, ಕಾಕಾ ಸುತ್ತಿಗೆ ಹಿಡಿದು ಖೋಲಿಯ ಹಿಂದಿನ ಗೋಡೆ ಒಡೆಯುತ್ತಿದ್ದರು! ಖೋಲಿಯ ಮಾಲೀಕರು ಕೂಗಾಡುತ್ತಿದ್ದರು. ಕಾಕಾ ಸುತ್ತಿಗೆ ಕೆಳಗಿಡಲಿಲ್ಲ.

“ಗ್ವಾಡಿ ಬಿದ್ರ ಮತ್ತ ಕಟ್ಟಬಹುದ್ರಿ ಮಾಲಕ್ರ. ಈ ಹುಡುಗಿ ಬಿದ್ರ?”

ಮಾಲೀಕರು ಪಕ್ಕಕ್ಕೆ ಸರಿದು ನಿಂತರು. ಸಂಜೆಯೊಳಗೆ ಎದುರುಬದುರಾಗಿ ಎರಡು ಕಿಟಕಿಗಳಾದವು. ಪರದೆಯನ್ನು ಅಂಗಳದಲ್ಲಿ ತೊಳೆಯುವುದು, ಒರೆಸಿದ ಅರಿವೆಯನ್ನು ಮುಚ್ಚಳದ ಡಬ್ಬಿಗೇ ಹಾಕುವುದು, ಎಲ್ಲವನ್ನೂ ಅವರೇ ನಿಂತು ಕಲಿಸಿದರು. ನನ್ನ ಕೆಲಸ ಉಳಿಯಿತು. ಈಗ ನನ್ನ ಜೊತೆ ಇನ್ನೂ ಮೂವರು ಹೆಣ್ಣುಮಕ್ಕಳು ದುಡಿಯುತ್ತಾರೆ.

ಹೋದ ವರ್ಷ ದೇವಣಗಾಂವದಲ್ಲಿ, ಮಗಳ ಮನೆಯಲ್ಲಿದ್ದ ಕಾಕಾನನ್ನು ಕಡೆಯ ಸಲ ಕಂಡೆ. ಕೈಗಳು ನಡುಗುತ್ತಿದ್ದವು. ಚಹಾದ ಬಟ್ಟಲನ್ನು ಮಗಳೇ ತುಟಿಗೆ ಹಿಡಿಯುತ್ತಿದ್ದಳು. ಹರೆಯದಲ್ಲಿ ಮೂಗಿಗೊಂದು ಅರಿವೆಯನ್ನೂ ಕಟ್ಟದೆ ಬಣ್ಣ ಹೊಡೆದದ್ದರ ಫಲವಿದು ಎಂದು ಅವರೇ ಹೇಳಿದರು.

“ನನಗ ಹೇಳಾವ್ರು ಯಾರೂ ಇರಲಿಲ್ಲವ್ವಾ,” ಎಂದು ನಕ್ಕರು. “ನಿನಗ ನಾ ಇದ್ನಲ್ಲ.”

ಬಸ್ಸಿನ ಹೊತ್ತಾಗುವವರೆಗೂ ಆ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದು ಕೂತಿದ್ದೆ. ರಂಜಾನಿಗೆ ಮೊದಲೇ ಕಾಕಾ ತೀರಿಹೋದರು.